ಏಳು ಗಂಟೆ, ನಾಲ್ಕು ಮಾತ್ರೆ

ಜೂನ್ 3, ಬೆಳಿಗ್ಗೆ 7.10
ಅಮ್ಮ ಅಡುಗೆಮನೆಯಿಂದಲೇ ಕೂಗಿದಳು, ನಾಲ್ಕೂ ನುಂಗಿದೆ, ಬರ್ಕೋ ಅಂತ. ಬರೆದೆ. ಆಸ್ಪತ್ರೆಯವರ ಮಾತ್ರೆ ಪುಸ್ತಕ ನನ್ನ ಪಾಲಿಗೆ ಬಂದಿದೆ — ಸಾಹಿತ್ಯ ಓದಿದವಳು ಇನ್ಯಾವ ಉಪಯೋಗಕ್ಕೆ ಬರ್ತಾಳೆ ಅಂತ ಅವಳ ಲೇವಡಿ. ಔಷಧಕ್ಕೆ ಹೆಸರೇ ಇಲ್ಲ, ನಂಬರು ಮಾತ್ರ. ಅಮ್ಮನ ಕ್ಯಾನ್ಸರಿಗೆ ಹೊಸ ಔಷಧ, ಜನರ ಮೇಲೆ ಪರೀಕ್ಷೆ — ಎರಡನೇ ಹಂತದ ಟ್ರಯಲ್. ಇಡೀ ಆಕ್ಲೆಂಡಿಗೆ ಹನ್ನೊಂದು ಜನ.

ದೊಡ್ಡಮ್ಮ ಫುಸಿಗೂ ಅದೇ ಕ್ಯಾನ್ಸರ್. ಅವಳನ್ನು ಸೇರಿಸಿಕೊಳ್ಳಲಿಲ್ಲ. ಲಿವರ್ ಸರಿಯಿಲ್ಲವಂತೆ. ಫೋನಿನಲ್ಲಿ ಎರಡೇ ನಿಮಿಷದಲ್ಲಿ ಹೇಳಿ ಮುಗಿಸಿದರು. ಆದರೂ ದಿನಾ ಏಳಕ್ಕೆ ಬರುತ್ತಾಳೆ, ಅಮ್ಮನ ಜೊತೆ ಪ್ರಾರ್ಥನೆಗೆ. ಅಡುಗೆಮನೆ ಬಾಗಿಲು ಹಾಕಿಕೊಂಡು.

ಜೂನ್ 5
ಆಸ್ಪತ್ರೆಗೆ ಖಾಲಿ ಡಬ್ಬಿ ವಾಪಸ್. ಟ್ರಯಲ್ ನರ್ಸ್ ಗ್ರೆಚೆನ್ ಪುಸ್ತಕದ ಜೊತೆ ತಾಳೆ ನೋಡಿದಳು. ಇಷ್ಟು ಅಚ್ಚುಕಟ್ಟಾಗಿ ಯಾರೂ ಬರೆಯಲ್ಲ ಅಂದಳು. ಕಿವಿ ಬಿಸಿಯಾಯಿತು. ಹೊಗಳಿಕೆಗೂ ನನಗೆ ಉತ್ತರ ಬರುವುದಿಲ್ಲ.

ಜೂನ್ 26
ಗಡ್ಡೆ ಬೆಳೆದಿದೆ. ರಕ್ತದಲ್ಲಿ ಔಷಧ ಇರಬೇಕಾದ್ದರ ಅರ್ಧವೇ ಇದೆ. ಡಾಕ್ಟರಿಗೆ ಅರ್ಥವಾಗುತ್ತಿಲ್ಲ. ಇನ್ನೊಂದು ಸ್ಕ್ಯಾನ್ ಹೀಗೇ ಬಂದರೆ ಅಮ್ಮ ಟ್ರಯಲ್‌ನಿಂದ ಹೊರಗೆ. ಬೇರೆ ಔಷಧ ಉಳಿದಿಲ್ಲ.
ಅಮ್ಮ ನೆಲ ನೋಡುತ್ತಿದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ — ಅರ್ಧ. ಅರ್ಧ...

ಜೂನ್ 27
ಏಳಕ್ಕೆ ಬಾಗಿಲು ತಳ್ಳಿದೆ. ಅಮ್ಮನ ಅಂಗೈಯಲ್ಲಿ ಎರಡು. ದೊಡ್ಡಮ್ಮನ ಅಂಗೈಯಲ್ಲಿ ಎರಡು. ಇಬ್ಬರೂ ಕಣ್ಣು ಮುಚ್ಚಿದ್ದರು. ಆಮೆನ್ ಅಂದು ನುಂಗಿದರು.
ದೊಡ್ಡಮ್ಮ ಹೋದ ಮೇಲೆ ಕಿರುಚಿದೆ. ಜೀವಮಾನದಲ್ಲಿ ಮೊದಲ ಸಲ. ಅಮ್ಮ ಕೆಸುವಿನ ಗಡ್ಡೆ ಸುಲಿಯುತ್ತಲೇ ಇದ್ದಳು.
"ಅಕ್ಕನ ಮುಂದೆ ತಂಗಿ ಒಬ್ಬಳೇ ನುಂಗೋದೇನೇ? ಊರಲ್ಲಿ, ಟೋಂಗಾ ದ್ವೀಪದಲ್ಲಿ, ಮೀನು ಬೆಂದರೂ ಅವಳಿಗೆ ಕೊಟ್ಟೇ ನಾನು ತಿಂದಿದ್ದು."
"ಇದು ಮೀನಲ್ಲಮ್ಮ."
"ಗೊತ್ತು. ಅದಕ್ಕೇ ಸಮ ಪಾಲು. ಮೀನಾಗಿದ್ರೆ ಅವಳಿಗೇ ಹೆಚ್ಚು."
ಆಸ್ಪತ್ರೆಯವರಿಗೆ ಹೇಳಿದರೆ ತನ್ನ ಪಾಲೂ ಹೋಗುತ್ತೆ, ಹೋಗಿ ಹೇಳ್ಕೋ ಅಂದಳು.
ಆ ಪುಸ್ತಕದಲ್ಲಿ ವಾಂತಿಗೊಂದು ಕಾಲಂ, ಭೇದಿಗೊಂದು ಕಾಲಂ. ಅಕ್ಕನಿಗೆ ಕಾಲಂ ಇಲ್ಲ. ಟ್ರಯಲ್ ಶುರುವಾದ ಏಪ್ರಿಲ್‌ನಿಂದ ಒಂದೊಂದು ಸಾಲೂ ಸುಳ್ಳು, ನನ್ನ ಚಂದದ ಅಕ್ಷರದಲ್ಲಿ. ಔಷಧಕ್ಕೆ ಗುಣವಿಲ್ಲ ಅಂತ ಎಲ್ಲೋ ಒಬ್ಬರು ಬರೆದುಕೊಳ್ಳುತ್ತಿದ್ದಾರೆ, ಅರ್ಧದಷ್ಟೇ ನುಂಗಿದ ಮಾತ್ರೆಗಳ ಲೆಕ್ಕದ ಮೇಲೆ.
ಆಮೇಲೆ ಪೆನ್ನು ತೆಗೆದು "ನಾಲ್ಕು" ಅಂತ ಬರೆದೆ. ಈ ಸಲ ಗೊತ್ತಿದ್ದೂ.

ಜುಲೈ 7, ಭಾನುವಾರ
ಹತ್ತು ದಿನ ಈ ಡೈರಿಯಲ್ಲಿ ಏನೂ ಬರೆದಿಲ್ಲ. ಮಾತ್ರೆ ಪುಸ್ತಕದಲ್ಲಿ ಮಾತ್ರ — ನಾಲ್ಕು, ನಾಲ್ಕು, ನಾಲ್ಕು. ಅಮ್ಮನ ಜೊತೆ ಮಾತಿಲ್ಲ.
ಚರ್ಚಿನಲ್ಲಿ ದೊಡ್ಡಮ್ಮನ ಕಣ್ಣು ಹಳದಿ. ಎಲ್ಲರೂ ನೋಡಿದರು. ಅಮ್ಮ ಒಬ್ಬಳು ನೋಡಲಿಲ್ಲ.

ಜುಲೈ 11, ಎಮರ್ಜೆನ್ಸಿ, ಮಧ್ಯಾಹ್ನ 2.00
ಇದು ಬೇರೆ ಆಸ್ಪತ್ರೆ. ಇಲ್ಲಿ ಯಾರಿಗೂ ಟ್ರಯಲ್ ಗೊತ್ತಿಲ್ಲ. ದೊಡ್ಡಮ್ಮನಿಗೆ ಜ್ಞಾನ ಅರ್ಧಂಬರ್ಧ. ಬೇರೆ ಏನಾದರೂ ಔಷಧ ತಗೊಳ್ತಿದ್ರಾ ಅಂತ ಡಾಕ್ಟರ್ ಕೇಳಿದರು.
"ಏನೂ ಇಲ್ಲ ಡಾಕ್ಟ್ರೇ," ಅಂದಳು ಅಮ್ಮ.
ನನ್ನ ನಾಲಗೆ ಏಳಲಿಲ್ಲ. ಪುಸ್ತಕ ಬ್ಯಾಗಿನಲ್ಲೇ ಇತ್ತು. ಅಮ್ಮನ ಮೇಲೆ ಸಿಟ್ಟು, ಎರಡು ನಿಮಿಷದ ಫೋನಿನ ಮೇಲೆ ಸಿಟ್ಟು. ಎಲ್ಲಕ್ಕಿಂತ ಈ ಬಾಯಿಯ ಮೇಲೆ.

2.25
ಲಿವರ್ ಕೈಕೊಡುತ್ತಿದೆಯಂತೆ, ಕಾರಣ ತಿಳಿಯುತ್ತಿಲ್ಲವಂತೆ. ಬಾಯಿ ಬಾರದಿದ್ದರೆ ಕೈ ಇದೆ. ಪುಸ್ತಕ ತೆಗೆದು ಅಮ್ಮನ ಎದುರಿಗೇ ನಾಲ್ಕುಗಳನ್ನೆಲ್ಲ ಹೊಡೆದು ಹಾಕಿದೆ, ಕಾಗದ ಹರಿಯುವ ಹಾಗೆ. ಇವತ್ತಿನ ಸಾಲಿನಲ್ಲಿ ಬರೆದೆ: ಅಮ್ಮ ಎರಡು, ಫುಸಿ ಎರಡು.
ಕಸಿದುಕೊಳ್ಳುತ್ತಾಳೆ ಅಂದುಕೊಂಡೆ. ಬಗ್ಗಿ ಓದಿದಳು.
"ಅವಳ ಹೆಸರು ಮೊದಲು ಬರೀಬೇಕಿತ್ತು. ದೊಡ್ಡವಳು."
ಡಾಕ್ಟರ್ ಇತ್ತಲೇ ಬರುತ್ತಿದ್ದಾರೆ. ಅಮ್ಮ ನನ್ನ ಮೊಣಕೈ ಹಿಡಿದು ಎಬ್ಬಿಸುತ್ತಿದ್ದಾಳೆ, ಪುಸ್ತಕ ಅವರಿಗೆ ಕೊಡು ಅಂತ.