ತೊಳೆದ ಬಾಟಲಿ

ವಿಮಾ ನೌಕರರ ಕಾಲೊನಿ,
ಇಂದಿರಾನಗರ
ಭಾನುವಾರ, 23 ಮಾರ್ಚ್ 2025

ಪ್ರೀತಿಯ ಅಹ್ಮದ್ ಪಾಷಾ,

ಹೇಗಿದ್ದೀಯ ಮಗಾ? ರಂಜಾನಿನ ರೋಜಾ ಹಿಡಿದುಕೊಂಡು ಈ ಬಿಸಿಲಲ್ಲಿ ಪೈಪು ಹೊತ್ತು ತಿರುಗುತ್ತಿಲ್ಲ ತಾನೆ? ಒಂಬತ್ತು ತಿಂಗಳು ತಡಮಾಡಿ ಬರೆಯುತ್ತಿದ್ದೇನೆ, ಬೈಕೋ. ಅಷ್ಟರಲ್ಲಿ ನಿನಗೆ ಎಷ್ಟು ವಾಯ್ಸ್ ನೋಟ್ ಕಳಿಸಿದೆನೋ! ಆಫೀಸಿನಿಂದ ಬರುವಾಗ ಬಸ್ಸಿನಲ್ಲಿ, ಕುಕ್ಕರ್ ಇಟ್ಟು ಕಾಯುವಾಗ, ಬಟ್ಟೆ ಒಣಹಾಕುವಾಗ. ನೀನು ಒಂದನ್ನೂ ಕೇಳಿಲ್ಲವೆಂದು ಫೋನೇ ತೋರಿಸುತ್ತದೆ. ಆದರೂ ಮಾತಾಡುತ್ತಿದ್ದೆ. ಈ ಮನೆಯಲ್ಲಿ ಬೇರೆ ಯಾರ ಜೊತೆ ಮಾತಾಡಲಿ?

ಗುರುವಾರ ಶಿವಾಜಿನಗರಕ್ಕೆ ಹೋಗಿ ನಿನ್ನ ತಂಗಿ ಪರ್ವೀನಳನ್ನು ಕಂಡೆ. ಇಫ್ತಾರಿನ ಸಮೋಸಕ್ಕೆ ಈರುಳ್ಳಿ ಹೆಚ್ಚುತ್ತಿದ್ದಳು. ‘ಅಣ್ಣ ದೊಡ್ಡನೆಕ್ಕುಂದಿ ಕಡೆ ಕೆಲ್ಸ ಹಿಡ್ದವ್ರೆ, ವಸಂತ್ ಭಾಯ್. ನಿಮ್ದು ಒಂದೊಂದು ನೋಟು ಎಂಟೆಂಟು ನಿಮ್ಷ ಇರುತ್ತಂತೆ, ಯಾರ್ ಕೇಳ್ತಾರೆ? ಬರ್ದು ಕೊಡಿ, ಕೈ ನೋವಾದ್ರೆ ಮಾತು ಕಮ್ಮಿ ಆಗುತ್ತೆ’ ಅಂದಳು. ನಗುತ್ತಲೇ ಅಂದಳು. ಆದರೆ ಕೂತ್ಕೊಳ್ಳಿ ಅನ್ನಲಿಲ್ಲ. ಅದಕ್ಕೇ ಈ ಕಾಗದ. ಹಲಸೂರಿನ ಶಾಲೆಯಲ್ಲಿ ನನ್ನ ಕಾಪಿ ಹೊಡೆದೇ ಕನ್ನಡ ಕಲಿತವನು ನೀನು, ನನ್ನ ಅಕ್ಷರ ಓದಲು ಕಷ್ಟವಾಗದು.

ಬಾವಿಯ ಸುದ್ದಿ ಮೊದಲು ಹೇಳುತ್ತೇನೆ. ಹೋದ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್ ಬಂದರೆ ಸಾಕು, ಇಡೀ ಕಾಲೊನಿ ಬಕೆಟ್ ಹಿಡಿದು ಓಡುತ್ತಿತ್ತಲ್ಲ, ಈ ಸಲ ಒಂದೂ ಟ್ಯಾಂಕರ್ ಒಳಗೆ ಬಂದಿಲ್ಲ. ಪಂಪ್‌ಹೌಸ್ ಹಿಂದೆ ಚಪ್ಪಡಿ ಮುಚ್ಚಿ ಎಲ್ಲರೂ ಮರೆತಿದ್ದ ಬಾವಿಯನ್ನು ಹುಡುಕಿದವನು ನೀನು. ಹಾರೆಯಿಂದ ಕುಟ್ಟಿ, ‘ಕೆಳಗೆ ಪೊಳ್ಳೈತೆ ಕಣೋ, ಸದ್ದು ಕೇಳು’ ಅಂದಿದ್ದೆ. ಹೂಳೆತ್ತಿಸಿದ್ದು, ಚಾವಣಿಯ ಮಳೆನೀರು ಜಲ್ಲಿ, ಇದ್ದಿಲು ದಾಟಿ ಬಾವಿಗಿಳಿಯುವಂತೆ ಪೈಪು ಕೂಡಿಸಿದ್ದು, ಎಲ್ಲ ನೀನೇ. ನಾನು ಕಟ್ಟೆಯ ಮೇಲೆ ನಿಂತು ಮಾತಾಡಿದೆ. ಈಗ ನೀರು ಎಷ್ಟು ತಿಳಿಯಾಗಿದೆ ಅಂದರೆ ತಳದ ಕಲ್ಲು ಕಾಣುತ್ತದೆ.

ನಿನ್ನೆ ಜಲ ದಿನವಂತೆ, ಸಂಘದವರು ಸನ್ಮಾನ ಇಟ್ಟಿದ್ದರು. ನನಗೆ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ನಮ್ಮ ಅಧ್ಯಕ್ಷರು ವೆಂಕಟಸುಬ್ಬಯ್ಯನವರು ಮೈಕಿನಲ್ಲಿ ‘ಕಾಲೊನಿಗೆ ನೀರು ಕುಡಿಸಿದ ಪುಣ್ಯಾತ್ಮ’ ಅಂದರು. ಆಮೇಲೆ ಮೈಕು ನನ್ನ ಕೈಗೆ ಬಂತು. ನನ್ನ ಕೈಗೆ ಮೈಕು ಕೊಟ್ಟರೆ ಏನಾಗುತ್ತದೆಂದು ನಿನಗೆ ಗೊತ್ತಲ್ಲ. ಇಪ್ಪತ್ತು ನಿಮಿಷ ಮಾತಾಡಿದೆ. ಜಲ್ಲಿಯ ಗಾತ್ರ ಹೇಳಿದೆ, ಇದ್ದಿಲನ್ನು ಯಾವಾಗ ಬದಲಿಸಬೇಕೆಂದು ಹೇಳಿದೆ, ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ ಎಂದೂ ಹೇಳಿದೆ. ನಿನ್ನ ಹೆಸರು ಬರಬೇಕಾದ ಕಡೆ ‘ನಮ್ಮ ಕೆಲಸದವರು’ ಅಂದುಬಿಟ್ಟೆ. ಮನೆಗೆ ಬಂದು ಪೇಟವನ್ನು ಪ್ರಿಯಂವದಾಳ ಫೋಟೊ ಮುಂದೆ ಇಟ್ಟೆ. ಅವಳಿದ್ದಿದ್ದರೆ ‘ಪಾಷಣ್ಣಂಗೆ ಯಾಕ್ರೀ ಕೊಡ್ಲಿಲ್ಲ?’ ಎಂದು ಮೊದಲು ಕೇಳುತ್ತಿದ್ದಳು. ಫೋಟೊ ಕೇಳಲಿಲ್ಲ. ನಾನು ಹಣ್ಣಿನ ಬುಟ್ಟಿಯನ್ನೂ ಬಿಚ್ಚಿಲ್ಲ.

ನಿನಗೆ ಗೊತ್ತಿಲ್ಲದ್ದೊಂದನ್ನು ಹೇಳಬೇಕು, ಗೊತ್ತಿರುವುದರಿಂದಲೇ ಶುರು ಮಾಡುತ್ತೇನೆ. ಬಾವಿನೀರಿನ ಪರೀಕ್ಷೆಗೆ ಲ್ಯಾಬಿನವರು ಕಾಗದ ಸುತ್ತಿದ ಬಾಟಲಿ ಕೊಟ್ಟಿದ್ದರು. ನಾನು ಅದನ್ನು ಬಿಚ್ಚಿ ಸಂಪಿನ ನಲ್ಲಿಯಲ್ಲಿ ಮೂರು ಸಲ ಗಲಗಲ ತೊಳೆದು, ಹೆಗಲ ಮೇಲಿದ್ದ ಟವೆಲ್ಲಿನಲ್ಲಿ ಬಾಯಿ ಒರೆಸಿ, ಆಮೇಲೆ ಬಾವಿನೀರು ತುಂಬಿದೆ. ನೀನು ಪಕ್ಕದಲ್ಲೇ ಇದ್ದೆ.

‘ಅರೆ, ಹೊಸಾ ಬಾಟ್ಲಿ ಕಣೋ! ನೀರು ಉಳ್ಸೋಕ್ ಬಂದೋನು ನೀನೇ ಅರ್ಧ ಚೆಲ್ತಿದೀಯ’ ಅಂದೆ.

‘ನಮ್ಮನೇಲಿ ತೊಳೀದೆ ಲೋಟಕ್ಕೂ ನೀರು ಹಾಕಲ್ಲಪ್ಪ’ ಎಂದು ನಾನು ಜಂಬದಿಂದ ಹೇಳಿದೆ.

ರಿಪೋರ್ಟು ಬಂತು: ಬ್ಯಾಕ್ಟೀರಿಯಾ ಇದೆ, ಕುಡಿಯಲು ಯೋಗ್ಯವಲ್ಲ. ಸಭೆ ಸೇರಿತು. ‘ಮೋರಿ ಪೈಪಿಗೇ ಕೂಡಿಸಿದಾನೆ ನೋಡಿ. ಕೈಕಾಲು ಶುದ್ಧ ಇಲ್ದೋರನ್ನ ಬಾವಿಗಿಳಿಸಿದ್ರೆ ಇನ್ನೇನಾಗತ್ತೆ?’ ಎಂದು ವೆಂಕಟಸುಬ್ಬಯ್ಯನವರು ಅಂದರು. ದಿನಕ್ಕೆ ಐದು ಸಲ ಕೈಕಾಲು ತೊಳೆಯುವ ನಿನ್ನ ಎದುರಿಗೇ ಅಂದರು. ನೀನು ದನಿ ಏರಿಸಲಿಲ್ಲ. ‘ಅಗೆದು ನೋಡಿ ಸಾರ್, ಮೋರಿ ಆ ಕಡೆ, ನಮ್ ಪೈಪು ಈ ಕಡೆ. ವಸಂತಂಗೆ ಕೇಳಿ, ಜೊತೇಲೇ ಇದ್ದ’ ಅಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ‘ನೋಡೋಣ ಸಾರ್’ ಅಂದೆ. ಬಾಯಿಬಡುಕ ಅನಿಸಿಕೊಂಡವನಿಗೆ ಆವತ್ತು ಸಿಕ್ಕಿದ್ದು ಎರಡೇ ಮಾತು. ನೀನು ಸಾಮಾನಿನ ಚೀಲ ಎತ್ತಿಕೊಂಡು ಹೊರಟೆ.

ಹತ್ತು ದಿನ ಬಿಟ್ಟು ಲ್ಯಾಬಿನ ಅನಸೂಯ ಮೇಡಂ ಎರಡನೇ ಪರೀಕ್ಷೆಗೆ ತಾವೇ ಬಂದರು. ಬಾಟಲಿ ಬಿಚ್ಚಿದವರೇ ನೇರ ನೀರು ಹಿಡಿದರು. ‘ತೊಳೆಯಲ್ವಾ ಮೇಡಂ?’ ಅಂತ ಕೇಳಿದೆ. ‘ಅಯ್ಯೋ, ತೊಳೀಲೇಬಾರ್ದು ಸಾರ್! ನಾವು ಕ್ರಿಮಿ ಇಲ್ದಂಗೆ ಮಾಡಿ ಕೊಟ್ಟಿರ್ತೀವಿ. ಸಂಪಿನ ನೀರು, ಟವೆಲ್ಲು, ಎಲ್ಲಾ ರಿಪೋರ್ಟಲ್ಲಿ ಬಂದ್ಬಿಡತ್ತೆ’ ಅಂದರು. ಆ ಸಲ ಬಾವಿನೀರು ಶುದ್ಧವೆಂದು ಬಂತು. ನಿನ್ನ ಪೈಪನ್ನು ಯಾರೂ ಮುಟ್ಟಿರಲಿಲ್ಲ. ಕೆಟ್ಟಿದ್ದು ನನ್ನ ಕೈಯಿಂದ ಎಂದು ನನಗೆ ಹಾಗೆ ಆಮೇಲೆ ಗೊತ್ತಾಯಿತು.

ಇವತ್ತು ಬೆಳಿಗ್ಗೆ ವೆಂಕಟಸುಬ್ಬಯ್ಯನವರ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. ‘ಬಿಡ್ರೀ ವಸಂತ್, ಹಳೇದ್ಯಾಕೆ ಈಗ? ನೀರು ಚೆನ್ನಾಗ್ ಬರ್ತಿದೆಯಲ್ಲ’ ಅಂದರು. ಬಂದವನೇ ಒಂದು ಹಾಳೆಯಲ್ಲಿ ನಡೆದದ್ದನ್ನು ಬರೆದು, ನಿನ್ನ ಹೆಸರು ದಪ್ಪಗೆ ಹಾಕಿ, ಪಂಪ್‌ಹೌಸಿನ ಬೋರ್ಡಿಗೆ ಅಂಟಿಸಿದೆ. ಇಬ್ಬರು ನಿಂತು ಓದಿದರು.

ಬಾ ಅಂತ ಕರೆಯುವ ಧೈರ್ಯವಿಲ್ಲ. ಪರ್ವೀನಳ ಮನೆಯವರಿಗೆಲ್ಲ ಹಬ್ಬ ಸುಖವಾಗಿ ಬರಲಿ. ನಿನ್ನ ಮಂಡಿನೋವು ಕಮ್ಮಿಯಾಗಲಿ. ಎಲ್ಲೇ ಕೆಲಸ ಹಿಡಿದರೂ ನಿನ್ನ ಕೈಯಲ್ಲಿ ನೀರು ಚೆನ್ನಾಗಿ ಹರಿಯಲಿ.

ನಿನ್ನ
ವಸಂತ

ಮತ್ತೆ: ಕಾಗದ ಮಡಚಿದವನು ಮತ್ತೆ ಬಿಚ್ಚಿದೆ. ‘ಆಮೇಲೆ ಗೊತ್ತಾಯಿತು’ ಎಂದು ಬರೆದದ್ದು ಸುಳ್ಳು ಪಾಷಾ. ಅನಸೂಯ ಮೇಡಂಗೆ ಆ ಪ್ರಶ್ನೆ ನಾನು ಕೇಳಲೇ ಇಲ್ಲ. ಸಭೆಯ ದಿನ ಬೆಳಿಗ್ಗೆಯೇ ಅವರು ಫೋನ್ ಮಾಡಿ ‘ಬಾಟ್ಲಿ ತೊಳೆದ್ರಾ ಸಾರ್?’ ಎಂದು ಕೇಳಿದ್ದರು. ತೊಳೆದೆ ಅಂದಿದ್ದೆ. ‘ಹಾಗಾದ್ರೆ ಈ ರಿಪೋರ್ಟು ನಂಬ್ಬೇಡಿ’ ಅಂದಿದ್ದರು. ನೀನು ‘ವಸಂತಂಗೆ ಕೇಳಿ’ ಅಂದಾಗ ನನಗೆ ಎಲ್ಲ ಗೊತ್ತಿತ್ತು. ಪ್ರಿಯಂವದಾ ತೀರಿಕೊಂಡ ಮೇಲೆ ನಾಲ್ಕು ವರ್ಷ ಈ ಕಾಲೊನಿಯಲ್ಲಿ ಯಾರೂ ನನ್ನ ಬಾಗಿಲು ತಟ್ಟಿರಲಿಲ್ಲ. ಬಾವಿ ತೆರೆದ ಮೇಲೆ ತಟ್ಟತೊಡಗಿದ್ದರು. ಅದು ನಿಂತುಹೋಗುತ್ತದೆ ಎಂದು ಹೆದರಿ, ಭಾನುವಾರ ಭಾನುವಾರ ತಪ್ಪದೆ ಬಾಗಿಲು ತಟ್ಟುತ್ತಿದ್ದವನನ್ನೇ ಕಳಿಸಿಬಿಟ್ಟೆ.

ಬೋರ್ಡಿನ ಹಾಳೆಯಲ್ಲೂ ‘ಆಮೇಲೆ’ ಎಂದೇ ಬರೆದಿದ್ದೇನೆ. ಪೆನ್ನು ಹಿಡಿದು ಕೆಳಗಿಳಿಯುತ್ತಿದ್ದೇನೆ.