ದೂರದಿಂದ ಬರುವ ಕಣಗಳು

ಕಾಪು
೧೨-೯-೧೯೮೪

ಪ್ರೀತಿಯ ಯಜಮಾನರಿಗೆ ಖದೀಜಳ ಸಲಾಂ.

ನಾವೆಲ್ಲ ಇಲ್ಲಿ ಕ್ಷೇಮ. ಈ ಸಲ ಇದನ್ನು ವಾಡಿಕೆಗೆ ಬರೆದದ್ದಲ್ಲ. ನಿಜವಾಗಿ ಕ್ಷೇಮ ಎಂದು ಗಟ್ಟಿಯಾದ ಮೇಲೆಯೇ ಪೆನ್ನು ಹಿಡಿದಿದ್ದೇನೆ. ತಡವಾಯಿತೆಂದು ಬೈಯಬೇಡಿ. ನನ್ನ ಅಣ್ಣ ನಿಮಗೆ ಕೊಟ್ಟ ತಂತಿಯಲ್ಲಿ 'ನಫೀಸಾ ಆಸ್ಪತ್ರೆಯಲ್ಲಿ, ಗಾಬರಿ ಬೇಡ' ಎಂದಷ್ಟೇ ಇತ್ತಂತೆ. ಅಂಥ ತಂತಿ ಓದಿ ಗಾಬರಿಯಾಗದವರು ಯಾರು! ನೀವು ಅಬುಧಾಬಿಯಲ್ಲಿ ಅನ್ನ ಬಿಟ್ಟು ಕುಳಿತಿದ್ದೀರೆಂದು ರಜೆಗೆ ಬಂದ ಕುಂಞಿ ಮೊಹಮ್ಮದ್ ಹೇಳಿದರು. ಇನ್ನು ಊಟ ಮಾಡಿ. ಮಗಳು ಮನೆಗೆ ಬಂದಿದ್ದಾಳೆ. ಈಗ ಜಗಲಿಯಲ್ಲಿ ಕುಳಿತು ಬೆಕ್ಕಿಗೆ ಅಲಿಫ್ ಬಾ ಕಲಿಸುತ್ತಿದ್ದಾಳೆ. ಬೆಕ್ಕಿಗೆ ಮನಸ್ಸಿಲ್ಲ.

ನಿಮ್ಮ ಕಾಗದವೂ ಸಿಕ್ಕಿತು. ಕಂಪೆನಿಯವರು ಇನ್ನೆರಡು ವರ್ಷಕ್ಕೆ ಸಹಿ ಕೇಳುತ್ತಿದ್ದಾರೆ, ಹಾಕಲೋ ಬಿಟ್ಟು ಬರಲೋ, ನೀನೇ ಹೇಳು ಎಂದು ಬರೆದಿದ್ದೀರಿ. ಹೇಳುತ್ತೇನೆ. ಮೊದಲು ಮಗಳ ವಿಷಯ.

ಶುರುವಾದದ್ದು ಮಳೆಗಾಲದ ಒಂದು ಸಾದಾ ಜ್ವರದಿಂದ. ನಮ್ಮ ಕೇರಿಯ ಕ್ರಮ ನಿಮಗೆ ಗೊತ್ತೇ ಇದೆ, ಗಲ್ಫಿನ ಮಾತ್ರೆ ಒಬ್ಬರ ಮನೆಗೆ ಬಂದರೆ ಕೇರಿಗೇ ಬಂದ ಹಾಗೆ. ನೀವು ಕಳಿಸಿದ ಬಿಳಿ ಮಾತ್ರೆಯನ್ನು ಮಾಮಿ 'ನನ್ನ ಮಗ ಕಳಿಸಿದ್ದು' ಎಂದು ಬಿಸ್ಕತ್ತಿನ ಡಬ್ಬಿಯಿಂದ ತೆಗೆದು ಕೊಟ್ಟರು. ಜ್ವರ ಇಳಿಯಲಿಲ್ಲ. ಪಕ್ಕದ ಮನೆಯ ಆಸಿಯಮ್ಮ ತಮ್ಮ ಮಗ ಕುವೈತಿನಿಂದ ಕಳಿಸಿದ ಕೆಂಪು ಮಾತ್ರೆ ತಂದರು. ಊರಿನ ಅಂಗಡಿಯ ಮಾತ್ರೆಯಾಗಿದ್ದರೆ ಹಿಂದೆ ಮುಂದೆ ನೋಡುತ್ತಿದ್ದೆವು. ಗಲ್ಫಿನದ್ದಲ್ಲವೇ, ಕೆಡುಕು ಮಾಡೀತೇ ಎಂದು ಎರಡನ್ನೂ ಕೊಟ್ಟೆವು, ದೊಡ್ಡವರಿಗೆ ಕೊಡುವಷ್ಟೇ, ಮತ್ತೆ ಮತ್ತೆ. ಕೊನೆಗೆ ಮಗು ವಾಂತಿ ಮಾಡಿತು, ಕಣ್ಣು ಹಳದಿಯಾಯಿತು, ಕರೆದರೆ ಓಗೊಡದಾಯಿತು. ಬಾಡಿಗೆ ಕಾರಿನಲ್ಲಿ ಮಣಿಪಾಲಕ್ಕೆ ಒಯ್ದೆವು. ಅಲ್ಲಿ ನೋಡಿದವರು ಡಾಕ್ಟರ್ ನಳಿನಾಕ್ಷಿ, ಅಂಬಲಪಾಡಿಯ ಹೆಂಗಸು. ಎರಡೂ ಮಾತ್ರೆಗಳ ಹಾಳೆ ನೋಡಿ, "ಬಣ್ಣ ಬೇರೆ, ಹೆಸರು ಬೇರೆ, ಒಳಗಿನ ಮದ್ದು ಒಂದೇ. ಅದು ಹೆಚ್ಚಾಗಿ ಲಿವರಿಗೆ ಪೆಟ್ಟು ಬಿದ್ದಿದೆ" ಎಂದರು.

ಮಾಮಿ ಹಣೆ ಚಚ್ಚಿಕೊಂಡರು. ನೀವು ಅಲ್ಲಿ ಚಚ್ಚಿಕೊಳ್ಳುವುದು ಬೇಡ. ಪ್ರೀತಿಯಿಂದ ಕಳಿಸಿದ್ದು, ಪ್ರೀತಿಯಿಂದಲೇ ಕೊಟ್ಟದ್ದು.

ಆ ದಿನಗಳು ಈಗ ಯಾರೋ ಕಂಡ ಕನಸಿನಂತೆ ತೋರುತ್ತವೆ. ವಾರ್ಡಿನ ಕಿಟಕಿಯಿಂದ ಮರಗಳ ತಲೆಯಾಚೆ, ತೀರಾ ದೂರದಲ್ಲಿ, ಕಡಲು ಒಂದು ಬೆಳ್ಳಿಯ ಗೆರೆಯಾಗಿ ಕಾಣುತ್ತಿತ್ತು. ಮೋಡ ಕವಿದರೆ ಅದೂ ಅಳಿಸಿಹೋಗುತ್ತಿತ್ತು. ಮಗಳು ನಿದ್ದೆಯಲ್ಲೂ ಇಲ್ಲ, ಎಚ್ಚರದಲ್ಲೂ ಇಲ್ಲ. ನಾನೂ ಅವಳ ಜೊತೆ ಅರ್ಧ ದಾರಿ ಹೋಗಿ ಹೋಗಿ ಮರಳುತ್ತಿದ್ದೆ.

ಒಂದು ಮಧ್ಯಾಹ್ನ ತಡೆಯಲಾರದೆ ಡಾಕ್ಟರನ್ನು ಕೇಳಿದೆ. "ಹೊಟ್ಟೆಯೊಳಗೆ ಈಗ ಎಂತ ಆಗ್ತಾ ಉಂಟು ಡಾಕ್ಟ್ರೇ?"

ಅವರು ಮಂಚದ ಅಂಚಿನಲ್ಲಿ ಕುಳಿತರು. "ನಿಮ್ಮ ಕಾಪುವಿನಲ್ಲಿ ಕಡಲು ನುಗ್ಗಿ ಮನೆ ಬಿದ್ದರೆ ಎಂತ ಮಾಡ್ತೀರಿ?"

"ಎಲ್ಲರೂ ಓಡಿ ಬರ್ತಾರೆ. ಮೊದಲು ಒಡೆದ ಹಂಚು, ಮಣ್ಣು ಎಲ್ಲ ತೆಗೀಬೇಕಲ್ಲ. ಮತ್ತೆ ಗೋಡೆ."

"ಇಲ್ಲಿಯೂ ಅಷ್ಟೇ. ದೇಹದ ಕಾವಲಿನ ಕಣಗಳು ಅಂತ ಉಂಟು. ಕೆಲವಕ್ಕೆ ಲಿವರೇ ಮನೆ, ಯಾವಾಗಲೂ ಅಲ್ಲೇ ಇರ್ತವೆ. ಪೆಟ್ಟು ದೊಡ್ಡದಾದರೆ ಅವುಗಳಿಂದ ಮಾತ್ರ ಆಗುವುದಿಲ್ಲ. ಮೂಳೆಯ ಒಳಗೆ ಹುಟ್ಟುವ ಕಣಗಳು ಸುದ್ದಿ ಸಿಕ್ಕಿದ ಕೂಡಲೇ ರಕ್ತದಲ್ಲಿ ಹೊರಟು ಬರ್ತವೆ. ಸತ್ತದ್ದನ್ನು ತಿಂದು ಚೊಕ್ಕ ಮಾಡ್ತವೆ. ಚೊಕ್ಕ ಆದ ಮೇಲೆ, ಉಳಿದ ಲಿವರಿಗೆ 'ಇನ್ನು ಬೆಳೆ' ಅಂತ ಹೇಳುವುದೂ ಅವೇ ಇರಬೇಕು ಅಂತ ಈಗ ಕೆಲವರು ಹೇಳ್ತಾರೆ. ಪೂರ್ತಿ ಯಾರಿಗೂ ಗೊತ್ತಿಲ್ಲ."

ಮಾಮಿ ಬಾಯಿ ತೆರೆದು ಕೇಳುತ್ತಿದ್ದರು. "ಅಷ್ಟು ಕೆಲಸ ಮಾಡುವವರಿಗೆ ತಿನ್ನಲಿಕ್ಕೆ ಎಂತ ಕೊಡಬೇಕು ಡಾಕ್ಟ್ರೇ?" ಎಂದರು. ಡಾಕ್ಟರು ನಕ್ಕರು. "ನೀವು ಎಂತದ್ದೂ ಕೊಡದಿದ್ದರೆ ಸಾಕು ಮಾರಾಯ್ತಿ!"

ಆಮೇಲೆ ನನಗೆ ಬೇರೆ ಯೋಚನೆಯೇ ಇರಲಿಲ್ಲ. ಮಗಳ ಪಕ್ಕೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರೆ, ಕೆಂಪು ಕತ್ತಲಿನ ಹೊಳೆಯಲ್ಲಿ ಸಣ್ಣ ಸಣ್ಣ ಜನ ಸಾಲಾಗಿ ಬರುವುದು ಕಾಣುತ್ತಿತ್ತು. ಯಾರೂ ಮಾತಾಡುವುದಿಲ್ಲ. ಯಾರದು ತಪ್ಪೆಂದು ಕೇಳುವುದಿಲ್ಲ. ಬಾಗಿ ಬಾಗಿ ಹೆಕ್ಕುತ್ತಾರೆ. 'ಬನ್ನಿ, ಇನ್ನೂ ಬನ್ನಿ' ಎಂದು ನಾನು ಮನಸ್ಸಿನಲ್ಲೇ ಕರೆಯುತ್ತಿದ್ದೆ. ನಮಾಜಿನಲ್ಲೂ ಅದೇ ನಡುವೆ ಬಂದುಬಿಡುತ್ತಿತ್ತು, ಅಲ್ಲಾಹು ಕ್ಷಮಿಸಲಿ.

ಅವರು ಬಂದರು. ಮಗಳ ಕಣ್ಣಿನ ಹಳದಿ ಮೆಲ್ಲಗೆ ಇಳಿಯಿತು. ಒಂದು ಬೆಳಿಗ್ಗೆ ಗಂಜಿಯ ಬಟ್ಟಲು ತಳ್ಳಿ "ಬಂಗುಡೆ ಇಲ್ಲವಾ?" ಎಂದು ಸಿಟ್ಟು ಮಾಡಿದಳು. ನಾನು ಅತ್ತುಬಿಟ್ಟೆ. ಲಿವರು ಪೂರ್ತಿ ಮೊದಲಿನಂತೆ ಬೆಳೆಯುತ್ತದೆ, ಒಳಗೆ ಗುರುತು ಕೂಡ ಉಳಿಯಲಿಕ್ಕಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ.

ಇನ್ನು ಸಹಿಯ ವಿಷಯ. "ನನ್ನ ಮಗ ಸಲಾಂ ಈಗ ಬಂದರೆ ಮನೆಯ ಹಂಚಿನ ಮಾಡು ಹಾಗೆಯೇ ಅರ್ಧ ನಿಲ್ತದೆ, ಹುಡುಗಿಯ ಮದುವೆಯೂ ನಿಲ್ತದೆ" ಎನ್ನುತ್ತಾರೆ ಮಾಮಿ. ನಿಮ್ಮ ತಂಗಿಗೂ ವಯಸ್ಸಾಗುತ್ತಾ ಬಂತು. ಮಾಮಿ ಹೇಳುವುದರಲ್ಲಿ ತಪ್ಪಿಲ್ಲ. ಸಹಿ ಹಾಕಿ. ಇಲ್ಲಿಯದನ್ನು ನಾನು ನೋಡಿಕೊಳ್ಳುತ್ತೇನೆ. ಬಿಸಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೊಳ್ಳಿ. ಅಲ್ಲಾಹು ನಿಮಗೆ ಆಯುಷ್ಯ, ಆರೋಗ್ಯ ಕೊಡಲಿ, ಪರದೇಶದಲ್ಲಿ ನಿಮ್ಮನ್ನು ಕಾಯಲಿ.

ಇತಿ ನಿಮ್ಮ
ಖದೀಜ

ತಾ.ಕ.: ಕಾಗದ ಅಂಟಿಸಲು ಹೋಗಿ ಮತ್ತೆ ಬಿಡಿಸಿದೆ. ಒಂದು ಸಂಗತಿ ಬರೆಯದೆ ಬಿಟ್ಟಿದ್ದೆ. ವಾರ್ಡಿನಲ್ಲಿ ನಮ್ಮ ಪಕ್ಕದ ಮಂಚದ ಮಗುವಿನ ತಂದೆ ಕಾರ್ಕಳದ ಜೋಕಿಮ್ ಎಂಬವರು, ಹಗಲಿಡೀ ಅಲ್ಲೇ ಇರುತ್ತಿದ್ದರು. ನಫೀಸಾ ಮೊದಲ ಸಲ ಸರಿಯಾಗಿ ಕಣ್ಣು ಬಿಟ್ಟಾಗ ನಾನು ಬಿಸಿನೀರು ತರಲು ಹೋಗಿದ್ದೆ. ಬಂದು ನೋಡಿದರೆ ಅವಳು ಅವರ ಬೆರಳು ಹಿಡಿದು "ಉಪ್ಪಾ, ಉಪ್ಪಾ" ಎನ್ನುತ್ತಿದ್ದಳು. ಅವರಿಗೆ ಬ್ಯಾರಿ ಭಾಷೆ ಬಾರದು, ಆದರೆ ತಂದೆಯನ್ನು ಕರೆಯುವ ಆ ಮಾತು ಗೊತ್ತಿತ್ತು. ನನ್ನ ಮುಖ ನೋಡಿದರು. ಆಮೇಲೆ "ಇಲ್ಲೇ ಇದ್ದೇನೆ ಮಗಾ" ಎಂದರು. ನಾನು ತಿದ್ದಲಿಲ್ಲ. ಅವಳು ನಗುತ್ತಾ ಮಲಗಿದಳು.

ನಿನ್ನೆ ನಿಮ್ಮ ಫೋಟೋ ತೋರಿಸಿ ಉಪ್ಪ ಯಾರೆಂದು ಹೇಳಿಕೊಟ್ಟೆ. ಬಹಳ ಹೊತ್ತು ನೋಡಿದಳು. "ಇವರಲ್ಲ ಉಮ್ಮಾ, ಆಸ್ಪತ್ರೆಗೆ ಬಂದಿದ್ದರಲ್ಲ, ಆ ಉಪ್ಪ" ಎಂದಳು.

ಮೇಲೆ ಬರೆದದ್ದನ್ನು ನಂಬಬೇಡಿ. ಸಹಿ ಹಾಕಬೇಡಿ. ಬನ್ನಿ.