ಗೋಡೆ ತೊಟ್ಟ ಬ್ಯಾಡ್ಜು

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನಾವೆಲ್ಲ ಕ್ಷೇಮ. ಈ ಮಾತನ್ನು ಈ ಸಲ ವಾಡಿಕೆಗೆ ಬರೆಯುತ್ತಿಲ್ಲ, ಆಸ್ಪತ್ರೆಯ ಮೊಹರು ಬಿದ್ದ ಕಾಗದ ನೋಡಿಕೊಂಡು ಬರೆಯುತ್ತಿದ್ದೇನೆ. ನಿನ್ನ ಎರಡು ಪತ್ರಗಳಿಗೂ ಉತ್ತರ ಹಾಕಲಿಲ್ಲ, ತಪ್ಪಾಯಿತು. ಎರಡನೆಯದರಲ್ಲಿ "ಕೈಗೇನು ಲಕ್ವ ಹೊಡೆದಿದೆಯಾ?" ಎಂದು ಕೇಳಿದ್ದೀಯ. ಹೊಡೆದದ್ದು ಕೈಗಲ್ಲ, ಧೈರ್ಯಕ್ಕೆ. ಈಗ ವಾಸಿ. ಒಲೆ ಆರಿಸಿ ಬಂದು ಕೂತು ಓದು.

ನಾವು ಎಕ್ಸ್‌ರೇ ಕೋಣೆಯವರು ಎದೆಗೆ ಬೆಂಕಿಪೊಟ್ಟಣದಷ್ಟಿನ ಒಂದು ಬ್ಯಾಡ್ಜು ಸಿಕ್ಕಿಸಿಕೊಳ್ಳುತ್ತೇವಲ್ಲ, "ಯುದ್ಧಕ್ಕೇ ಹೋಗದೆ ಪದಕ ಸಿಕ್ಕಿದೆ" ಎಂದು ನೀನು ನಗುತ್ತಿದ್ದದ್ದು. ಅದರೊಳಗೆ ಒಂದು ತುಂಡು ಫಿಲ್ಮ್ ಇರುತ್ತದೆ. ತಿಂಗಳಲ್ಲಿ ನಮ್ಮ ಮೈಮೇಲೆ ಎಷ್ಟು ವಿಕಿರಣ ಬಿತ್ತೆಂದು ಅದು ಚಾಡಿ ಹೇಳುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಮೇಲೆ ಒಂದು ಚಾಡಿಯೂ ಇರಲಿಲ್ಲ. ಕಳೆದ ಡಿಸೆಂಬರಿನದು ಮಾತ್ರ, ವರ್ಷವಿಡೀ ಬೀಳಬಹುದಾದ ಮಿತಿಯ ಎರಡು ಪಟ್ಟು ಒಂದೇ ತಿಂಗಳಲ್ಲಿ ಬಿದ್ದಿದೆ ಎಂದು ಬರೆಸಿಕೊಂಡು ಬಂತು.

ಮಾರನೆಯ ದಿನವೇ ನನ್ನನ್ನು ಯಂತ್ರದಿಂದಲೂ ವಿದ್ಯಾರ್ಥಿಗಳ ಪಾಠದಿಂದಲೂ ಬಿಡಿಸಿ ಚೀಟಿ ಬರೆಯುವ ಕಿಟಕಿಯಲ್ಲಿ ಕೂರಿಸಿದರು. ರಕ್ತ ಪರೀಕ್ಷೆಯಾಯಿತು. ಲೆಕ್ಕ ನಿಜವೆಂದು ವಿಚಾರಣೆಯಲ್ಲಿ ತೀರ್ಮಾನವಾದರೆ ನಾನು ಆ ಕಿಟಕಿಯಲ್ಲೇ ಮುದುಕಿಯಾಗಬೇಕಿತ್ತು, ಮುದುಕಿಯಾಗುವಷ್ಟು ದಿನ ಇದ್ದರೆ. ನೋಡು, ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತೊಗೆಯುವ ಶಕ್ತಿ ಆ ಕಿರಣಕ್ಕಿದೆ ಎಂದು ವರ್ಷವರ್ಷ ಕಪ್ಪುಹಲಗೆಯ ಮೇಲೆ ಬಾಣ ಹಾಕಿ ತೋರಿಸಿದವಳು ನಾನೇ. ಆಗೆಲ್ಲ ಅದು ಹಲಗೆಯ ಮೇಲಿನ ಪರಮಾಣುವಾಗಿತ್ತು. ಈಗ ನನ್ನದೇ ಆಯಿತು. ಯಾವುದನ್ನು ಕಿತ್ತಿತೋ, ಎಲ್ಲಿಂದ ಕಿತ್ತಿತೋ ಎಂದು ಊಟ ಮಾಡುವಾಗಲೂ ಮೈ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಮನೆಯಲ್ಲಿ ನಮ್ಮವರ ವಾತ್ಸಲ್ಯ ಕೇಳು. ಕರೆಂಟು ಹೋದಾಗ ಒಮ್ಮೆ, "ನೀನು ಹೊಳೀತೀಯೇನೋ ಅಂತ ನೋಡ್ತಿದ್ದೆ, ಮೇಣದಬತ್ತಿ ಉಳೀತಿತ್ತು" ಎಂದರು. ಹೇಳಿ ನಕ್ಕು, ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು. ಆಸ್ಪತ್ರೆಯಲ್ಲೂ ಅಷ್ಟೆ. ಫಿಲ್ಮ್ ತೊಳೆಯುವ ನಮ್ಮ ಕತ್ತಲೆಕೋಣೆಯ ಯಜಮಾನ, ಇಪ್ಪತ್ತು ವರ್ಷದ ಒಡನಾಡಿ, ತನ್ನ ಚಹಾಲೋಟವನ್ನು ಮೆಲ್ಲಗೆ ಆಚೆ ಸರಿಸಿಕೊಂಡ. ದೀಪ ಆರಿಸಿದ ಮೇಲೆ ಗೋಡೆ ಬೆಳಗುತ್ತದೆಯೇನಪ್ಪಾ, ನನ್ನ ಮೈಯಿಂದ ನಿನಗೇನೂ ಹಾರಿ ಬರುವುದಿಲ್ಲ ಎಂದೆ. ತಲೆಯಾಡಿಸಿದ. ಲೋಟ ಮಾತ್ರ ಸರಿಸಿದಲ್ಲೇ ಇತ್ತು.

ನನ್ನನ್ನು ಬದುಕಿಸಿದ್ದು ವಿದ್ಯಾರ್ಥಿಗಳು. ಬೇರೆಯವರ ಪಾಠ ತಲೆಗೆ ಹತ್ತದೆ ಕಿಟಕಿಯ ಹತ್ತಿರ ಬಂದು ನಿಲ್ಲುತ್ತಿದ್ದರು. ನಾನು ಎಲ್ಲ ಪಾಠಕ್ಕೂ ಪ್ರಾಸ ಕಟ್ಟಿ ಕಲಿಸುವುದು ನಿನಗೆ ಗೊತ್ತಲ್ಲ. ವೇಗವಾಗಿ ಬಂದ ಎಲೆಕ್ಟ್ರಾನುಗಳು ಲೋಹಕ್ಕೆ ಬಡಿದಾಗ ಬಹುಪಾಲು ಶಕ್ತಿ ಬರೀ ಬಿಸಿಯಾಗಿ ಹೋಗುತ್ತದೆ, ಎಕ್ಸ್‌ರೇ ಆಗುವುದು ಚೂರೇ ಚೂರು. ಅದಕ್ಕೆ ಹೀಗೆ:

ನೂರು ಪಾಲು ಪೆಟ್ಟಿನಲ್ಲಿ ತೊಂಬತ್ತೊಂಬತ್ತು ಕಾವು,
ಉಳಿದ ಒಂದೇ ಒಂದು ಪಾಲಲಿ ಬದುಕುತಿಹೆವು ನಾವು.

ದೂರದ ನಿಯಮಕ್ಕೆ ಇನ್ನೊಂದು:

ದೂರ ಎರಡು ಪಟ್ಟು ಆದರೆ ಏಟು ಕಾಲುಭಾಗ,
ನೆಂಟರಿಗೂ ಇದೇ ನಿಯಮ, ಕಲಿತುಕೊಳ್ಳಿ ಬೇಗ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕಿಟಕಿಯೊಳಗೆ ತಲೆ ತೂರಿಸಿ, ಎಲ್ಲಕ್ಕೂ ಪ್ರಾಸ ಇದೆ, ಕೊನೆಯ ಪಾಠ ಒಂದಕ್ಕೆ ಯಾಕಿಲ್ಲ ಎಂದು ಕೇಳಿದಳು. ಚೀಟಿಗೆ ಸಾಲು ನಿಂತಿದೆ, ಆಮೇಲೆ ನೋಡೋಣ ಎಂದು ಕಳಿಸಿದೆ.

ಐದು ವಾರದ ಮೇಲೆ, ಮೊನ್ನೆ ಗುರುವಾರ, ವಿಕಿರಣ ಸುರಕ್ಷತೆಯ ಅಧಿಕಾರಿ ಬಂದರು. ನಿವೃತ್ತಿಯ ಅಂಚಿನ ಮನುಷ್ಯ, ಮಾತಿಗೊಮ್ಮೆ ಕನ್ನಡಕ ಒರೆಸುವವರು. ನನ್ನ ಬ್ಯಾಡ್ಜಿನ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಎಲ್ಲರನ್ನೂ ಕರೆದರು. ಬ್ಯಾಡ್ಜಿನೊಳಗೆ ಸಣ್ಣ ಸಣ್ಣ ಲೋಹದ ಬಿಲ್ಲೆಗಳಿರುತ್ತವೆ, ಅವುಗಳ ನೆರಳು ಫಿಲ್ಮಿನ ಮೇಲೆ ಬೀಳುತ್ತದೆ. ನನ್ನದರಲ್ಲಿ ಆ ನೆರಳುಗಳು ಬ್ಲೇಡಿನಲ್ಲಿ ಕೊಯ್ದ ಹಾಗಿದ್ದವು. ಪಕ್ಕದಲ್ಲಿ ಇನ್ನೊಂದು ನೆರಳು, ಬಾಗಿದ ಬೆರಳಿನಂಥದು.

"ಮೇಡಂ, ಇದು ಏನು ಹೇಳಿ?"

"ಕೊಕ್ಕೆ," ಎಂದೆ.

"ಸೀಸದ ಏಪ್ರನ್ ನೇತುಹಾಕೋ ಕೊಕ್ಕೆ. ಮನುಷ್ಯ ಅಂದ್ಮೇಲೆ ಅಲುಗ್ತಾನೆ, ತಿರುಗ್ತಾನೆ, ಒಂದೊಂದು ಸಲ ಒಂದೊಂದು ಕಡೆಯಿಂದ ಬೀಳತ್ತೆ. ಅಂಚು ಮಸುಕಾಗತ್ತೆ. ಉಸಿರಾಡೋರು ಇಷ್ಟು ಚೂಪು ಅಂಚು ಬಿಡಲ್ಲ. ಇದನ್ನ ತೊಟ್ಟಿದ್ದು ನೀವಲ್ಲ ಮೇಡಂ, ಗೋಡೆ."

ಆಗ ನೆನಪಾಯಿತು ಅಕ್ಕ. ನೀನು ಮನೆ ಬದಲಾಯಿಸುತ್ತೀಯೆಂದು ಆ ತಿಂಗಳೇ ಮೂರು ದಿನ ರಜೆ ಹಾಕಿ ಬಂದೆನಲ್ಲ. ಬಸ್ಸಿಗೆ ಹೊತ್ತಾಯಿತೆಂದು ಏಪ್ರನ್ನನ್ನು ಬ್ಯಾಡ್ಜಿನ ಸಮೇತ ಕಳಚಿ, ರೋಗಿಗಳನ್ನು ಎದೆಯೊತ್ತಿ ನಿಲ್ಲಿಸುವ ಹಲಗೆಯ ಪಕ್ಕದ ಕೊಕ್ಕೆಗೆ ಎಸೆದು ಓಡಿದ್ದೆ. ಮನೆಗೆ ಹೋಗುವ ಮುಂಚೆ ಬ್ಯಾಡ್ಜನ್ನು ಹೊರಗಿನ ಹಲಗೆಗೆ ಸಿಕ್ಕಿಸಬೇಕು, ಇದು ಮೊದಲ ವಾರದ ಪಾಠ. ಕಲಿಸುವವಳು ನಾನೇ! ಮೂರು ದಿನ ಊರಿನವರ ಎದೆಗೆಲ್ಲ ಬಿದ್ದ ಕಿರಣವನ್ನು ನನ್ನ ಬ್ಯಾಡ್ಜು ಗೋಡೆಯಿಂದಲೇ ಉಂಡಿದೆ. ನಾನಾದರೋ ನಿನ್ನ ಹೊಸ ಅಡುಗೆಮನೆಯಲ್ಲಿ ಕಾಗದ ಸುತ್ತಿದ ಲೋಟ ಬಿಚ್ಚುತ್ತಿದ್ದೆ.

ಬುದ್ಧಿ ಹೇಳಿ ಒಂದು ಕಾಗದ ಕೊಟ್ಟರು. ಅದರಷ್ಟು ಸುಂದರವಾದ ಬೈಗುಳವನ್ನು ನಾನು ಓದಿಲ್ಲ. ಕತ್ತಲೆಕೋಣೆಯ ಯಜಮಾನ ಎರಡು ಲೋಟ ಚಹಾ ತಂದು ಪಕ್ಕಪಕ್ಕ ಇಟ್ಟ. ನಾಳೆಯಿಂದ ಯಂತ್ರವೂ ನನ್ನದು, ಪಾಠವೂ ನನ್ನದು. ಈ ಮೂರು ದಿನದಿಂದ ಮೈ ಎಷ್ಟು ಹಗುರವಾಗಿದೆಯೆಂದರೆ ತೂಕದ ಯಂತ್ರವೇ ಸುಳ್ಳು ಹೇಳುತ್ತಿದೆ ಅನ್ನಿಸುತ್ತದೆ.

ಭಾವನಿಗೆ ನಮಸ್ಕಾರ. ನಿನ್ನ ಮಗಳಿಗೆ ಚಿಕ್ಕಮ್ಮನ ಆಶೀರ್ವಾದ, ಅವಳು ನೂರು ವರ್ಷ ಬಾಳಲಿ, ನೂರು ಕಡೆ ಅಲುಗಾಡಲಿ. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ,
ಪ್ರಾಸಪಿಶಾಚಿ

ವಿ.ಸೂ.: ಮರೆತದ್ದಲ್ಲ, ಕೊನೆಗಿಟ್ಟದ್ದು. ಉಸಿರಾಡುವವರು ಇಷ್ಟು ಚೂಪು ಅಂಚು ಬಿಡುವುದಿಲ್ಲ ಎಂದು ಅವರು ಅಂದಾಗ ಎಲ್ಲರ ಜೊತೆ ನಾನೂ ನಕ್ಕೆ. ಆಮೇಲೆ ಕತ್ತಲೆಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಪ್ಪ ಕೊನೆಗೆ ಏನಂದರು ಎಂದು ಹನ್ನೊಂದು ವರ್ಷದಿಂದ ಕೇಳುತ್ತಿದ್ದೀಯ. ವಾರ್ಡಿನಲ್ಲಿ ನಿದ್ದೆಯಲ್ಲೇ ಹೋದರು ಎಂದಿದ್ದೆ. ಅಲ್ಲ ಅಕ್ಕ. ನನ್ನ ಎಕ್ಸ್‌ರೇ ಮೇಜಿನ ಮೇಲೆ ಹೋದರು. ಅಪ್ಪನ ಎದೆಯ ಚಿತ್ರ ಒಂದು ದಿನವೂ ಸರಿ ಬಂದದ್ದಿಲ್ಲ. ಉಸಿರು ಹಿಡಿಯಿರಿ ಎಂದರೆ ಎಷ್ಟು ಹೊತ್ತು ಎಂದು ಕೇಳಿ ಕೆಡಿಸುವವರು. ಅವತ್ತು ಕೇಳಲಿಲ್ಲ. ಗುಂಡಿ ಒತ್ತಿದೆ, "ಉಸಿರು ಬಿಡಿ ಅಪ್ಪ" ಎಂದೆ, ಅಭ್ಯಾಸದಂತೆ ತಿರುಗಿಯೂ ನೋಡದೆ ಫಿಲ್ಮ್ ತೊಳೆಯಲು ಹೋದೆ. ಎತ್ತಿ ಹಿಡಿದರೆ ಒಂದೊಂದು ಪಕ್ಕೆಲುಬೂ ಗೆರೆ ಎಳೆದ ಹಾಗೆ. ಕೊನೆಗೂ ಹೇಳಿದ ಮಾತು ಕೇಳಿದರಲ್ಲ ಎಂದು ಖುಷಿಪಟ್ಟುಕೊಂಡೇ ಹೊರಗೆ ಬಂದೆ. ಅಪ್ಪ ಏನೂ ಅನ್ನಲಿಲ್ಲ ಅಕ್ಕ. ಕೊನೆಯ ಮಾತು ನನ್ನದು. ಆ ಹುಡುಗಿ ಕೇಳಿದ ಕೊನೆಯ ಪಾಠವೂ ಇದೇ: ಉಸಿರು ಬಿಡಿ ಎಂದ ಮೇಲೆ, ಬಿಟ್ಟರೇ ಎಂದು ತಿರುಗಿ ನೋಡಿ. ಅದಕ್ಕೆ ಪ್ರಾಸ ಕೂಡಿ ಬಂದಿಲ್ಲ. ಹಾಗೇ ಹೇಳಿಕೊಡುತ್ತೇನೆ.